ನುಂಗಿದ ಮದ್ದಿನ ದಾರಿ

ಮದ್ದಿನ ಗುಣ ಎಷ್ಟೇ ಹಿರಿದಾಗಿರಲಿ, ಅದು ಸೇರಬೇಕಾದ ಸ್ಥಳವನ್ನು ಸೇರದಿದ್ದರೆ ರೋಗಿಗೆ ಅದರಿಂದ ಪ್ರಯೋಜನವಿಲ್ಲ. ಕೆರೆ ತುಂಬಿದ್ದರೂ ಕಾಲುವೆ ಒಡೆದುಹೋಗಿದ್ದರೆ ಗದ್ದೆಯ ಪೈರು ಒಣಗುವುದಲ್ಲವೇ? ಒಂದು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು ಒಂದು ಲೋಟ ನೀರು ಕುಡಿದೊಡನೆ ನಮ್ಮ ಕೆಲಸ ಮುಗಿಯಿತೆಂದು ನಾವು ಭಾವಿಸುತ್ತೇವೆ. ಆದರೆ ಗುಳಿಗೆಯ ಕೆಲಸ ಆಗತಾನೇ ಆರಂಭವಾಗಿರುತ್ತದೆ. ಅದು ಅನ್ನನಾಳದಲ್ಲಿ ಇಳಿದು, ಜಠರವನ್ನು ಹೊಕ್ಕು, ಅಲ್ಲಿಂದ ಹಲವು ಮೀಟರು ಉದ್ದದ ಕರುಳಿನ ಸುರುಳಿಗಳಲ್ಲಿ ಸಾಗಬೇಕು. ಈ ದಾರಿಯಲ್ಲಿ ಎಲ್ಲಿ ಕರಗಬೇಕು, ಎಲ್ಲಿ ಕರಗಬಾರದು ಎಂಬುದರ ಮೇಲೆ ಎಷ್ಟೋ ಸಲ ಒಂದು ಜೀವದ ಅಳಿವು ಉಳಿವು ನಿಂತಿರುತ್ತದೆ. ಈ ದಾರಿಯನ್ನು ಅರಿತು ನಡೆಯಬಲ್ಲ ಗುಳಿಗೆಯನ್ನು ರಚಿಸಲು ವಿಜ್ಞಾನಿಗಳು ನಡೆಸಿರುವ ಪ್ರಯತ್ನವೇ ಈ ಪಾಠದ ವಸ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಕ್ಕಳಿಗೆ ತಗಲುವ ಮಧುಮೇಹವೆಂದರೆ ಮರಣಶಾಸನವೇ ಆಗಿತ್ತು. ಮಗುವಿನ ಆಹಾರವನ್ನು ತೀರ ಕಡಿಮೆ ಮಾಡಿ, ಸಾವನ್ನು ಕೆಲವು ಕಾಲ ಮುಂದೂಡುವುದಷ್ಟೇ ವೈದ್ಯರಿಂದ ಸಾಧ್ಯವಾಗುತ್ತಿತ್ತು. ೧೯೨೧ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಎಂಬವರು ಪ್ರೊಫೆಸರ್ ಮ್ಯಾಕ್ಲಿಯಡ್ ಅವರ ಪ್ರಯೋಗಾಲಯದಲ್ಲಿ ದುಡಿದು, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ೧೯೨೨ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಅದನ್ನು ಮೊದಲ ಬಾರಿಗೆ ಸೂಜಿಯ ಮೂಲಕ ಕೊಡಲಾಯಿತು. ಮೊದಲ ಸಲ ಹೆಚ್ಚಿನ ಗುಣ ಕಾಣಲಿಲ್ಲ. ಜೇಮ್ಸ್ ಕಾಲಿಪ್ ಎಂಬ ರಸಾಯನ ವಿಜ್ಞಾನಿ ಆ ಸತ್ವವನ್ನು ಶುದ್ಧಗೊಳಿಸಿದ ಮೇಲೆ, ಹನ್ನೆರಡು ದಿನಗಳ ತರುವಾಯ ಮತ್ತೆ ಕೊಟ್ಟಾಗ, ಬಾಲಕನ ರಕ್ತದಲ್ಲಿದ್ದ ಸಕ್ಕರೆಯ ಅಂಶ ಇಳಿಯಿತು. ಅವನು ಇನ್ನೂ ಹದಿಮೂರು ವರ್ಷ ಬದುಕಿದನು.

ಅಂದಿನಿಂದ ಇಂದಿನವರೆಗೆ ಲಕ್ಷಾಂತರ ಮಂದಿಯ ಪ್ರಾಣವನ್ನು ಇನ್ಸುಲಿನ್ ಉಳಿಸಿದೆ. ಆದರೆ ಅದರ ಜೊತೆಗೇ ಬಂದ ಸೂಜಿ ಇನ್ನೂ ಉಳಿದುಕೊಂಡಿದೆ. ದೇಹವು ತಾನಾಗಿ ಇನ್ಸುಲಿನ್ನನ್ನು ಉತ್ಪಾದಿಸಲಾರದ ಮಗುವು ದಿನಕ್ಕೆ ಮೂರು ಸಲ ಚುಚ್ಚಿಸಿಕೊಳ್ಳುತ್ತದೆಂದು ಹಿಡಿದರೂ ವರ್ಷಕ್ಕೆ ೧೦೯೫ ಸಲವಾಯಿತು. ಹಬ್ಬವಿರಲಿ, ಪರೀಕ್ಷೆಯಿರಲಿ, ಪ್ರಯಾಣವಿರಲಿ, ಸೂಜಿಗೆ ಬಿಡುವಿಲ್ಲ. ಸೂಜಿಯ ಅಂಜಿಕೆಯಿಂದ ಮದ್ದನ್ನೇ ಮುಂದಕ್ಕೆ ಹಾಕುವ ಹಿರಿಯರೂ ಉಂಟು. ಹೀಗಿರುವಲ್ಲಿ ಯಾರಿಗಾದರೂ ಒಂದು ಪ್ರಶ್ನೆ ಹೊಳೆಯುವುದು ಸಹಜ. ಜ್ವರದ ಮಾತ್ರೆಯನ್ನು ನುಂಗುವಂತೆ ಇನ್ಸುಲಿನ್ನನ್ನೂ ಏಕೆ ನುಂಗಬಾರದು?

ಇದಕ್ಕೆ ಉತ್ತರ ನಮ್ಮ ಹೊಟ್ಟೆಯಲ್ಲಿಯೇ ಇದೆ. ಜಠರವು ಹೇಗೆ ಕೆಲಸ ಮಾಡುತ್ತದೆಂಬುದು ಜಗತ್ತಿಗೆ ಸ್ಪಷ್ಟವಾದದ್ದು ಒಂದು ಅಪಘಾತದಿಂದ. ೧೮೨೨ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಹತ್ತಿರದಿಂದ ಬಂದೂಕಿನ ಗುಂಡು ತಗಲಿತು. ವಿಲಿಯಂ ಬ್ಯೂಮಾಂಟ್ ಎಂಬ ಸೇನಾ ವೈದ್ಯನ ಶುಶ್ರೂಷೆಯಿಂದ ಅವನು ಬದುಕಿಕೊಂಡನಾದರೂ ಗಾಯವು ಪೂರ್ತಿ ಮುಚ್ಚಲಿಲ್ಲ. ಹೊಟ್ಟೆಯ ಹೊರಗಿನಿಂದ ಜಠರದೊಳಕ್ಕೆ ಒಂದು ರಂಧ್ರ ಉಳಿದುಹೋಯಿತು. ಬ್ಯೂಮಾಂಟನು ರೇಷ್ಮೆಯ ದಾರಕ್ಕೆ ಮಾಂಸ, ರೊಟ್ಟಿ ಮೊದಲಾದವುಗಳ ತುಣುಕುಗಳನ್ನು ಕಟ್ಟಿ ಆ ರಂಧ್ರದ ಮೂಲಕ ಇಳಿಬಿಟ್ಟು, ಅವು ಎಷ್ಟು ಹೊತ್ತಿನಲ್ಲಿ ಕರಗುತ್ತವೆಂಬುದನ್ನು ನೋಡಿದನು. ಜಠರರಸವನ್ನು ಹೊರತೆಗೆದು ಗಾಜಿನ ಪಾತ್ರೆಯಲ್ಲಿಟ್ಟು, ಅಲ್ಲಿಯೂ ಅದು ಮಾಂಸವನ್ನು ಕರಗಿಸುವುದನ್ನು ಕಂಡನು. ೧೮೩೩ರಲ್ಲಿ ಅವನು ಪ್ರಕಟಿಸಿದ ಗ್ರಂಥದಿಂದ, ಪಚನವೆಂಬುದು ಬರಿಯ ಅರೆಯುವ ಕ್ರಿಯೆಯಲ್ಲ, ಅದೊಂದು ರಾಸಾಯನಿಕ ಕ್ರಿಯೆ ಎಂಬುದು ದೃಢಪಟ್ಟಿತು.

ಇನ್ಸುಲಿನ್ ಒಂದು ಪ್ರೋಟೀನು. ಐವತ್ತೊಂದು ಅಮೈನೋ ಆಮ್ಲಗಳು ಸರಪಣಿಯ ಕೊಂಡಿಗಳಂತೆ ಸೇರಿ ಅದು ರಚಿತವಾಗಿದೆ. ನಾವು ತಿನ್ನುವ ಬೇಳೆ, ಮೊಟ್ಟೆ, ಮಾಂಸಗಳಲ್ಲಿರುವುದೂ ಪ್ರೋಟೀನುಗಳೇ. ಜಠರಕ್ಕೆ ಆಹಾರದ ಪ್ರೋಟೀನು ಯಾವುದು, ಮದ್ದಿನ ಪ್ರೋಟೀನು ಯಾವುದು ಎಂಬ ಭೇದ ತಿಳಿಯದು. ಅಲ್ಲಿನ ತೀಕ್ಷ್ಣವಾದ ಆಮ್ಲವೂ ಪೆಪ್ಸಿನ್ ಎಂಬ ಕಿಣ್ವವೂ ಸೇರಿ ಅದನ್ನು ತುಂಡರಿಸುತ್ತವೆ. ಅಲ್ಲಿಂದ ಹೇಗೋ ತಪ್ಪಿಸಿಕೊಂಡರೂ ಸಣ್ಣ ಕರುಳಿನಲ್ಲಿ ಬೇರೆ ಕಿಣ್ವಗಳು ಕಾದಿರುತ್ತವೆ. ಅವನ್ನೂ ದಾಟಿದರೆ ಎದುರಾಗುವುದು ಕರುಳಿನ ಗೋಡೆ. ಲೋಳೆಯಿಂದ ಆವೃತವಾದ ಆ ಗೋಡೆ ಸಣ್ಣ ಅಣುಗಳನ್ನು ಒಳಗೆ ಬಿಡುತ್ತದೆಯೇ ಹೊರತು ಇನ್ಸುಲಿನ್ನಿನಂಥ ದೊಡ್ಡ ಅಣುಗಳನ್ನು ಸುಲಭವಾಗಿ ಬಿಡದು. ಹೀಗೆ ಆಮ್ಲ, ಕಿಣ್ವ, ಗೋಡೆ ಎಂಬ ಮೂರು ಸುತ್ತಿನ ಕೋಟೆ ನಮ್ಮೊಳಗಿದೆ. ವಿಷಾಣುಗಳಿಂದಲೂ ಪರಕೀಯ ವಸ್ತುಗಳಿಂದಲೂ ನಮ್ಮನ್ನು ರಕ್ಷಿಸುವುದೂ ಇದೇ ಕೋಟೆ. ಆದ್ದರಿಂದ ಅದನ್ನು ಕೆಡವಿಹಾಕುವಂತಿಲ್ಲ. ಅದನ್ನು ಕೆಡವದೆಯೇ ಮದ್ದನ್ನು ದಾಟಿಸಬೇಕು. ಸಮಸ್ಯೆಯ ತಿರುಳು ಇರುವುದೇ ಇಲ್ಲಿ.

ಹಿಂದಿನವರು ಈ ಸಮಸ್ಯೆಯ ಒಂದು ಭಾಗವನ್ನು ಬಿಡಿಸಿದ್ದರು. ೧೮೩೪ರಲ್ಲಿ ಪ್ಯಾರಿಸ್ಸಿನ ಮೋಥ್ ಮತ್ತು ಡ್ಯುಬ್ಲಾಂಕ್ ಎಂಬವರು ಜೆಲಾಟಿನ್ ಕ್ಯಾಪ್ಸೂಲಿಗೆ ಹಕ್ಕುಪತ್ರವನ್ನು ಪಡೆದರು. ಕಹಿ ಮದ್ದು ನಾಲಗೆಗೆ ತಗಲದಂತೆ ಮರೆಮಾಡುವುದು ಅದರ ಉದ್ದೇಶವಾಗಿತ್ತು. ಮುಂದೆ ಆಮ್ಲದಲ್ಲಿ ಕರಗದೆ, ಆಮ್ಲದ ಅಂಶ ಕಡಿಮೆಯಾದ ಕರುಳಿನಲ್ಲಿ ಮಾತ್ರ ಕರಗುವ ಲೇಪನಗಳು ಬಂದವು. ಜಠರವನ್ನು ಕೆರಳಿಸುವ ಮದ್ದುಗಳನ್ನು ಅವುಗಳೊಳಗೆ ಅಡಗಿಸಿ ಕಳುಹಿಸಲು ಸಾಧ್ಯವಾಯಿತು. ದೊಡ್ಡ ಕರುಳಿನ ಹುಣ್ಣಿಗೆ ಕೊಡುವ ಕೆಲವು ಮದ್ದುಗಳು ಈಗಲೂ ಇಂಥ ಲೇಪನವನ್ನು ಹೊದ್ದೇ ದೂರದ ತಾಣವನ್ನು ಸೇರುತ್ತವೆ. ಆದರೆ ಲೇಪನಕ್ಕೆ ಕಣ್ಣಿಲ್ಲ. ಒಬ್ಬರ ಕರುಳಿನ ಗುಣ ಮತ್ತೊಬ್ಬರದರಂತಿಲ್ಲ. ಒಂದೇ ದೇಹದಲ್ಲಿಯೂ ಊಟದ ಮೊದಲು ಇದ್ದಂತೆ ಊಟದ ನಂತರ ಇರುವುದಿಲ್ಲ. ಆದ್ದರಿಂದ ಲೇಪನವು ಕೆಲವೊಮ್ಮೆ ಬೇಗ, ಕೆಲವೊಮ್ಮೆ ತಡವಾಗಿ ಕರಗಬಹುದು. ಅಲ್ಲದೆ ಕರುಳಿನ ಕಿಣ್ವಗಳ ಮತ್ತು ಗೋಡೆಯ ತಡೆಯನ್ನು ನಿವಾರಿಸಲು ಅದರಿಂದ ಆಗದು. ೨೦೧೯ರಲ್ಲಿ ಮಧುಮೇಹಕ್ಕೆ ಸೆಮಾಗ್ಲೂಟೈಡ್ ಎಂಬ ಮದ್ದಿನ ಮಾತ್ರೆ ಬಂದಿತು. ಅದೂ ಪ್ರೋಟೀನಿನ ಜಾತಿಗೆ ಸೇರಿದುದೇ. ವಿಶೇಷ ದ್ರವ್ಯವೊಂದನ್ನು ಬೆರೆಸಿ ಅದನ್ನು ರಕ್ಷಿಸಲಾಗಿದೆ. ಅಷ್ಟು ಮಾಡಿದರೂ ನುಂಗಿದ ಮದ್ದಿನಲ್ಲಿ ನೂರರಲ್ಲಿ ಒಂದು ಪಾಲೂ ರಕ್ತವನ್ನು ಸೇರುವುದಿಲ್ಲ.

ಗುಳಿಗೆಗೆ ಅರಿವನ್ನು ಕೊಡುವ ಯತ್ನ ಇನ್ನೊಂದು ದಿಕ್ಕಿನಿಂದ ಆರಂಭವಾಯಿತು. ೧೯೫೭ರಲ್ಲಿ ಮೆಕೇ ಮತ್ತು ಯಾಕೋಬ್‌ಸನ್ ಎಂಬ ವಿಜ್ಞಾನಿಗಳು ನುಂಗಬಹುದಾದಷ್ಟು ಚಿಕ್ಕದಾದ ರೇಡಿಯೊ ಪ್ರೇಷಕವೊಂದನ್ನು ವರ್ಣಿಸಿದರು. ಅದು ಒಡಲೊಳಗಿನ ಒತ್ತಡ, ಉಷ್ಣತೆಗಳನ್ನು ರೇಡಿಯೊ ಅಲೆಗಳ ಮೂಲಕ ಹೊರಗೆ ತಿಳಿಸುತ್ತಿತ್ತು. ಆಗತಾನೇ ಬಳಕೆಗೆ ಬಂದಿದ್ದ ಟ್ರಾನ್ಸಿಸ್ಟರು ಇದನ್ನು ಸಾಧ್ಯಗೊಳಿಸಿತು. ಬಳಿಕ ಇಸ್ರೇಲಿನ ಎಂಜಿನಿಯರ್ ಗಾವ್ರಿಯೆಲ್ ಇದ್ದಾನ್ ಎಂಬವರು ಇನ್ನೂ ಮುಂದೆ ಹೋದರು. ಕ್ಷಿಪಣಿಗಳಿಗೆ ದಾರಿ ತೋರುವ ಕ್ಯಾಮೆರಾ ತಂತ್ರದಲ್ಲಿ ಪಳಗಿದ್ದ ಅವರು, ಆ ವಿದ್ಯೆಯನ್ನೇ ರೋಗಿಯ ಹಿತಕ್ಕೆ ತಿರುಗಿಸಿದರು. ೧೧ ಮಿಲಿಮೀಟರು ದಪ್ಪ, ೨೬ ಮಿಲಿಮೀಟರು ಉದ್ದದ ಕ್ಯಾಪ್ಸೂಲಿನಲ್ಲಿ ಕ್ಯಾಮೆರಾ, ದೀಪ, ಬ್ಯಾಟರಿ, ಪ್ರೇಷಕಗಳು ಅಡಕವಾದವು. ೨೦೦೧ರಲ್ಲಿ ಅಮೆರಿಕದಲ್ಲಿ ಇದರ ಬಳಕೆಗೆ ಅನುಮತಿ ದೊರೆಯಿತು. ಸೆಕೆಂಡಿಗೆ ಎರಡು ಚಿತ್ರಗಳಂತೆ ಕರುಳಿನ ಉದ್ದಕ್ಕೂ ಚಿತ್ರ ತೆಗೆಯುತ್ತಾ ಸಾಗಿದ ಈ ಗುಳಿಗೆ, ಅದುವರೆಗೆ ವೈದ್ಯರ ಕಣ್ಣಿಗೆ ನಿಲುಕದಿದ್ದ ಸಣ್ಣ ಕರುಳಿನ ಮೂಲೆಗಳನ್ನು ತೋರಿಸಿಕೊಟ್ಟಿತು.

ಆದರೆ ನೋಡುವುದು ಬೇರೆ, ಮಾಡುವುದು ಬೇರೆ. ಕ್ಯಾಮೆರಾ ಗುಳಿಗೆ ಹುಣ್ಣನ್ನು ಕಾಣಬಲ್ಲದು, ಅದಕ್ಕೆ ಮದ್ದು ಹಾಕಲಾರದು. ೨೦೦೮ರಲ್ಲಿ ಫಿಲಿಪ್ಸ್ ಸಂಸ್ಥೆಯು ಪ್ರಕಟಿಸಿದ ಒಂದು ಕ್ಯಾಪ್ಸೂಲು ಈ ಕೊರತೆಯನ್ನು ನೀಗುವತ್ತ ಒಂದು ಹೆಜ್ಜೆಯಿಟ್ಟಿತು. ಸುತ್ತಲಿನ ಆಮ್ಲದ ಪ್ರಮಾಣವನ್ನು ಅಳೆದು ತಾನು ಜಠರದಲ್ಲಿದ್ದೇನೆಯೇ ಕರುಳಿನಲ್ಲಿದ್ದೇನೆಯೇ ಎಂಬುದನ್ನು ಅದು ಅರಿಯುತ್ತಿತ್ತು. ಗೊತ್ತಾದ ಸ್ಥಳ ಬಂದಾಗ ಪುಟ್ಟ ಪಂಪಿನಿಂದ ಮದ್ದನ್ನು ಹೊರಹಾಕುತ್ತಿತ್ತು. ತನ್ನ ನೆಲೆಯನ್ನು ತಾನೇ ಅರಿತು, ತಕ್ಕ ಸಮಯದಲ್ಲಿ ಕೆಲಸ ಮಾಡುವ ಇಂಥ ಕ್ಯಾಪ್ಸೂಲನ್ನು ‘ಜಾಣ ಗುಳಿಗೆ’ ಎಂದು ಕರೆಯಬಹುದು.

ಇನ್ಸುಲಿನ್ನಿಗೆ ಇಷ್ಟು ಸಾಲದು. ಅದು ಗೋಡೆಯನ್ನು ದಾಟಿ ಒಳಗೆ ಹೋಗಬೇಕು. ಇಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ರಾಬರ್ಟ್ ಲ್ಯಾಂಗರ್, ಜಿಯೊವಾನಿ ಟ್ರಾವರ್ಸೊ ಮತ್ತು ಅವರ ಸಹೋದ್ಯೋಗಿಗಳು ಒಂದು ಹೊಸ ಮಾತನ್ನು ಯೋಚಿಸಿದರು. ಸೂಜಿಯನ್ನು ತಪ್ಪಿಸುವ ಬದಲು ಸೂಜಿಯನ್ನೇ ನುಂಗಿದರೆ ಹೇಗೆ? ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಚರ್ಮದಲ್ಲಿರುವಂತೆ ಚುಚ್ಚಿದ ನೋವನ್ನು ತಿಳಿಸುವ ನರಗಳು ಜಠರದ ಒಳಗೋಡೆಯಲ್ಲಿಲ್ಲ. ಆದ್ದರಿಂದ ಅಲ್ಲಿ ಕೂದಲೆಳೆಯಂಥ ಸೂಜಿ ನಾಟಿದರೂ ನೋವಾಗದು ಎಂಬುದು ಅವರ ಎಣಿಕೆ.

ಹಾಗಿದ್ದರೂ ತೊಡಕುಗಳು ಒಂದೆರಡಲ್ಲ. ಜಠರದಲ್ಲಿ ಗುಳಿಗೆ ಹೇಗೆ ಬೇಕಾದರೂ ಉರುಳಿ ಬೀಳಬಹುದು. ಸೂಜಿ ಗೋಡೆಯ ಕಡೆಗೆ ಮುಖಮಾಡದೆ ಮೇಲಕ್ಕೆ ಮುಖಮಾಡಿದರೆ ಮದ್ದೆಲ್ಲ ವ್ಯರ್ಥ. ಇದಕ್ಕೆ ಉಪಾಯವನ್ನು ಅವರಿಗೆ ತೋರಿಸಿಕೊಟ್ಟದ್ದು ಆಫ್ರಿಕಾದ ಚಿರತೆ ಆಮೆ. ಕಡಿದಾದ ಗೋಪುರದಂತಿರುವ ಚಿಪ್ಪುಳ್ಳ ಈ ಆಮೆ ಬೆನ್ನಡಿಯಾಗಿ ಬಿದ್ದರೆ ಮತ್ತೆ ಉರುಳಿ ನೇರವಾಗಬಲ್ಲದು. ನಮ್ಮ ಕಡೆ ಮಕ್ಕಳು ಆಡುವ ತಂಜಾವೂರು ಬೊಂಬೆಯನ್ನು ನೀವು ಕಂಡಿರಬಹುದು. ಎಷ್ಟು ಸಲ ಕೆಡವಿದರೂ ಅದು ಎದ್ದು ನಿಲ್ಲುತ್ತದೆ, ಏತಕ್ಕೆಂದರೆ ಅದರ ಭಾರವೆಲ್ಲ ಬುಡದಲ್ಲಿದೆ. ಗುಳಿಗೆಯನ್ನೂ ಹಾಗೆಯೇ ರಚಿಸಲಾಯಿತು. ತಳ ಭಾರ, ತಲೆ ಹಗುರ. ಆಕಾರ ಆಮೆಯ ಚಿಪ್ಪಿನಂತೆ. ಗಾತ್ರ ಚಿಕ್ಕದೊಂದು ನೇರಳೆ ಹಣ್ಣಿನಷ್ಟು. ಜಠರ ಎಷ್ಟೇ ಅಲುಗಲಿ, ಗುಳಿಗೆ ತಿರುಗಿ ತಳವನ್ನು ಗೋಡೆಗೆ ಒತ್ತಿ ಕುಳಿತುಕೊಳ್ಳುತ್ತದೆ.

ಮುಂದಿನ ತೊಡಕು, ಸೂಜಿ ಸಮಯಕ್ಕೆ ಮೊದಲೇ ಹೊರಬಾರದಂತೆ ನೋಡಿಕೊಳ್ಳುವುದು. ಬಾಯಿಯಲ್ಲಿಯೋ ಗಂಟಲಲ್ಲಿಯೋ ಅದು ಚಿಮ್ಮಿದರೆ ಅಪಾಯ. ಇದಕ್ಕೆ ಅವರು ಬಳಸಿದ ಸಾಧನ ಬಲು ಸರಳವಾದದ್ದು, ಒಂದು ಸಕ್ಕರೆಯ ಬಿಲ್ಲೆ. ಅದುಮಿಟ್ಟ ಸ್ಪ್ರಿಂಗನ್ನು ಈ ಬಿಲ್ಲೆ ಹಿಡಿದಿಟ್ಟಿರುತ್ತದೆ. ಜಠರದ ನೀರು ಒಳಕ್ಕೆ ಇಳಿದು ಸಕ್ಕರೆ ಕರಗಿದೊಡನೆ ಸ್ಪ್ರಿಂಗು ಬಿಚ್ಚಿಕೊಂಡು ಸೂಜಿಯನ್ನು ಗೋಡೆಗೆ ತಳ್ಳುತ್ತದೆ. ಸೂಜಿಯ ಮೊನೆ ಲೋಹದ್ದಲ್ಲ. ಒಣಗಿಸಿ ಒತ್ತಿ ಗಟ್ಟಿಮಾಡಿದ ಇನ್ಸುಲಿನ್ನೇ ಮೊನೆಯಾಗಿರುತ್ತದೆ. ಅದು ಗೋಡೆಯಲ್ಲಿ ನಿಧಾನವಾಗಿ ಕರಗಿ ರಕ್ತವನ್ನು ಸೇರುತ್ತದೆ. ಕೆಲಸ ಮುಗಿಸಿದ ಗುಳಿಗೆ ಮುಂದೆ ಸಾಗಿ ದೇಹದಿಂದ ಹೊರಬೀಳುತ್ತದೆ. ೨೦೧೯ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಹಂದಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಮೊದಲು ೩೦೦ ಮೈಕ್ರೊಗ್ರಾಂನಷ್ಟು, ಬಳಿಕ ೫ ಮಿಲಿಗ್ರಾಂನಷ್ಟು ಇನ್ಸುಲಿನ್ನನ್ನು ಹೀಗೆ ತಲುಪಿಸಲು ಸಾಧ್ಯವಾಯಿತು.

ಇಲ್ಲಿ ಒಂದು ಸಂಗತಿಯನ್ನು ನಾವು ಗಮನಿಸಬೇಕು. ಜಠರದ ಯಾವ ಗುಣಗಳು ಮದ್ದಿಗೆ ಅಡ್ಡಿಯಾಗಿದ್ದುವೋ ಅವನ್ನೇ ವಿಜ್ಞಾನಿಗಳು ನೆರವಿಗೆ ಪಡೆದರು. ಕರಗಿಸುವುದು ಜಠರದ ಸ್ವಭಾವ. ಅದು ಬೀಗದ ಸಕ್ಕರೆಯನ್ನು ಕರಗಿಸಿಕೊಟ್ಟಿತು. ಅಲುಗುವುದು ಅದರ ಸ್ವಭಾವ; ಆ ಅಲುಗಾಟದಲ್ಲಿಯೂ ನೆಲೆಗೊಳ್ಳುವಂತೆ ಗುಳಿಗೆಯನ್ನು ರಚಿಸಲಾಯಿತು. ದೇಹದೊಡನೆ ಕಾದಾಡದೆ, ಅದರ ನಡೆಯನ್ನು ಅರಿತು ಅದರೊಡನೆ ಹೊಂದಿಕೊಳ್ಳುವುದೇ ಈ ವಿದ್ಯೆಯ ಗುಟ್ಟು.

ಇದೇ ಗುಟ್ಟನ್ನು ಅನುಸರಿಸಿ ಬೇರೆಯವರೂ ಬೇರೆ ಬೇರೆ ಹಾದಿಗಳನ್ನು ಹಿಡಿದಿದ್ದಾರೆ. ಹೈದರಾಬಾದಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿರುವ ಮೀರ್ ಇಮ್ರಾನ್ ಎಂಬವರು ರೂಪಿಸಿದ ಗುಳಿಗೆ ಸಣ್ಣ ಕರುಳನ್ನು ತಲುಪಿದಾಗ ಅದರ ಹೊರಲೇಪನ ಕರಗುತ್ತದೆ. ಆಗ ಒಳಗಿರುವ ಆಮ್ಲವೂ ಕ್ಷಾರವೂ ಬೆರೆತು ಅನಿಲ ಹುಟ್ಟಿ, ಪುಟ್ಟ ಬಲೂನೊಂದು ಉಬ್ಬಿ, ಕರಗುವ ಸೂಜಿಯನ್ನು ಕರುಳಿನ ಗೋಡೆಗೆ ಒತ್ತುತ್ತದೆ. ಕೆಲವು ಮದ್ದುಗಳನ್ನು ತುಂಬಿದ ಇಂಥ ಗುಳಿಗೆಗಳನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಕಾರ್ಯವೂ ಆರಂಭವಾಗಿದೆ. ೨೦೨೨ರಲ್ಲಿ ಪ್ರಕಟವಾದ ಇನ್ನೊಂದು ಗುಳಿಗೆ, ಕರುಳನ್ನು ಸೇರಿದ ಮೇಲೆ ತಿರುಗಲಾರಂಭಿಸಿ, ತನ್ನ ಮೈಮೇಲಿನ ಗೀರುಗಳಿಂದ ಲೋಳೆಯ ಪದರವನ್ನು ಬದಿಗೆ ಸರಿಸಿ, ಅಲ್ಲಿಯೇ ಮದ್ದನ್ನು ಬಿಡುತ್ತದೆ. ೨೦೨೪ರಲ್ಲಿ ವರದಿಯಾದ ಮತ್ತೊಂದಕ್ಕೆ ಸೂಜಿಯೇ ಇಲ್ಲ. ಕಡಲಿನ ಸ್ಕ್ವಿಡ್ ಎಂಬ ಜೀವಿ ನೀರನ್ನು ರಭಸದಿಂದ ಚಿಮ್ಮಿಸುವಂತೆ, ಅದು ಮದ್ದನ್ನೇ ತೆಳುವಾದ ಧಾರೆಯಾಗಿ ಗೋಡೆಯೊಳಕ್ಕೆ ಚಿಮ್ಮಿಸುತ್ತದೆ.

ಇಷ್ಟು ಸಾಧನೆಯಾಗಿದ್ದರೂ ನುಂಗುವ ಇನ್ಸುಲಿನ್ ಗುಳಿಗೆ ಇನ್ನೂ ಅಂಗಡಿಗೆ ಬಂದಿಲ್ಲ. ಹಂದಿಯ ಹೊಟ್ಟೆಗೂ ಮನುಷ್ಯನ ಹೊಟ್ಟೆಗೂ ಇರುವ ಅಂತರ ಸಣ್ಣದೇನಲ್ಲ. ಹೊಟ್ಟೆಯಲ್ಲಿ ಊಟ ತುಂಬಿದ್ದರೆ ಸೂಜಿಗೂ ಗೋಡೆಗೂ ನಡುವೆ ಅನ್ನವೇ ಅಡ್ಡವಾಗಬಹುದು. ಇನ್ಸುಲಿನ್ ಕಡಿಮೆಯಾದರೆ ರಕ್ತದ ಸಕ್ಕರೆ ಏರುತ್ತದೆ. ಹೆಚ್ಚಾದರೆ ಅದು ಕುಸಿದು ರೋಗಿ ಎಚ್ಚರ ತಪ್ಪಬಹುದು. ಆದ್ದರಿಂದ ನೂರು ಸಲ ನುಂಗಿದರೆ ನೂರು ಸಲವೂ ಅಷ್ಟೇ ಮದ್ದು ಒಳಸೇರಬೇಕು. ಒಂದು ಸಲ ಸುರಕ್ಷಿತವಾದ ಸೂಜಿ, ಸಾವಿರ ಸಲ ಚುಚ್ಚಿದಾಗಲೂ ಗೋಡೆಗೆ ಹಾನಿಮಾಡದೆಂಬುದು ಸಿದ್ಧಪಡಬೇಕು. ಕರುಳು ಎಲ್ಲಿಯಾದರೂ ಕಿರಿದಾಗಿದ್ದರೆ ಗುಳಿಗೆ ಅಲ್ಲಿಯೇ ಸಿಕ್ಕಿಕೊಳ್ಳುವ ಅಪಾಯವೂ ಉಂಟು. ಈ ಪರೀಕ್ಷೆಗಳಿಗೆ ತಾಳ್ಮೆ ಬೇಕು. ರೋಗಿಯ ಆತುರ ಎಷ್ಟೇ ನ್ಯಾಯವಾಗಿದ್ದರೂ ವೈದ್ಯಶಾಸ್ತ್ರವು ಆತುರಪಡುವಂತಿಲ್ಲ.

ಯಂತ್ರ ಚೆನ್ನಾಗಿದ್ದರೆ ಸಾಕೇ? ಸಾಲದೆಂಬುದಕ್ಕೆ ಒಂದು ನಿದರ್ಶನವಿದೆ. ೨೦೧೭ರಲ್ಲಿ ಅಮೆರಿಕದಲ್ಲಿ ಮನೋರೋಗದ ಮಾತ್ರೆಯೊಂದಕ್ಕೆ ಮರಳಿನ ಕಣದಷ್ಟು ಚಿಕ್ಕದಾದ ಸಂವೇದಕವನ್ನು ಸೇರಿಸಿ ಮಾರಲು ಅನುಮತಿ ದೊರೆಯಿತು. ಅದರಲ್ಲಿದ್ದ ತಾಮ್ರ ಮತ್ತು ಮೆಗ್ನೀಸಿಯಂ ಲೋಹಗಳು ಜಠರರಸದಲ್ಲಿ ನೆನೆದಾಗ, ಓಲ್ಟಾನ ವಿದ್ಯುತ್ಕೋಶದಲ್ಲಿ ನಡೆಯುವಂತೆಯೇ, ಅಲ್ಪ ವಿದ್ಯುತ್ತು ಹುಟ್ಟಿ, ರೋಗಿಯ ಮೈಗೆ ಅಂಟಿಸಿದ ಪಟ್ಟಿಗೆ ಸಂಜ್ಞೆ ಹೋಗುತ್ತಿತ್ತು. ರೋಗಿ ಮಾತ್ರೆ ನುಂಗಿದನೇ ಇಲ್ಲವೇ ಎಂಬುದು ಹೀಗೆ ತಿಳಿಯುತ್ತಿತ್ತು. ಕೌಶಲದ ದೃಷ್ಟಿಯಿಂದ ಇದು ಮೆಚ್ಚತಕ್ಕದ್ದೇ. ಆದರೆ ಆ ವಿಷಯವನ್ನು ಯಾರು ಯಾರು ತಿಳಿಯಬೇಕು, ರೋಗಿಯ ಮನಃಪೂರ್ವಕವಾದ ಒಪ್ಪಿಗೆ ಉಂಟೇ ಎಂಬ ಪ್ರಶ್ನೆಗಳು ಎದ್ದವು. ಸಂವೇದಕವನ್ನು ತಯಾರಿಸಿದ ಸಂಸ್ಥೆ ೨೦೨೦ರಲ್ಲಿ ದಿವಾಳಿಯಾಯಿತು. ಗುಳಿಗೆ ರೋಗಿಯ ಸೇವಕನಾಗಿರಬೇಕು, ಅವನ ಮೇಲಿನ ಗೂಢಚಾರನಾಗಬಾರದು.

ಕೊನೆಯದಾಗಿ ಬೆಲೆಯ ಮಾತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಅಧ್ಯಯನದಂತೆ ನಮ್ಮ ದೇಶದಲ್ಲಿ ಸುಮಾರು ೧೦ ಕೋಟಿ ಜನರಿಗೆ ಮಧುಮೇಹವಿದೆ. ಅವರೆಲ್ಲರಿಗೂ ಇನ್ಸುಲಿನ್ ಬೇಕಿಲ್ಲ. ಬೇಕಾದವರ ಸಂಖ್ಯೆಯೂ ಕಡಿಮೆಯೇನಲ್ಲ. ಪ್ರತಿ ಗುಳಿಗೆಯೂ ಒಂದೊಂದು ಯಂತ್ರವಾದಾಗ ಅದು ಬಡವನ ಕೈಗೆ ಎಟುಕೀತೇ? ಈ ಪ್ರಶ್ನೆಯನ್ನು ಕೇಳುವಾಗ ೧೯೨೩ರ ಒಂದು ಘಟನೆ ನೆನಪಿಗೆ ಬರುತ್ತದೆ. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಈ ಮೂವರೂ ಇನ್ಸುಲಿನ್ನಿನ ಹಕ್ಕನ್ನು ಟೊರಾಂಟೊ ವಿಶ್ವವಿದ್ಯಾನಿಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ಕೋಟಿ ಗಳಿಸಬಹುದಾಗಿದ್ದ ವಿದ್ಯೆಯನ್ನು ಅವರು ರೋಗಿಗಳ ಸೊತ್ತೆಂದು ಬಗೆದರು.

ಮದ್ದಿನ ದಾರಿ ಬಾಯಿಯಿಂದ ಕರುಳಿಗೆ ಮಾತ್ರವಲ್ಲ, ಪ್ರಯೋಗಾಲಯದಿಂದ ರೋಗಿಯ ಮನೆಗೂ ಇದೆ. ಮೊದಲನೆಯ ದಾರಿಯ ತೊಡಕುಗಳನ್ನು ಆಮೆಯ ಚಿಪ್ಪು, ಸಕ್ಕರೆಯ ಬಿಲ್ಲೆಗಳಂಥ ಸರಳ ವಸ್ತುಗಳಿಂದ ವಿಜ್ಞಾನಿಗಳು ಬಿಡಿಸುತ್ತಿದ್ದಾರೆ. ಎರಡನೆಯ ದಾರಿಯನ್ನು ತೆರೆಯುವುದು ವಿಜ್ಞಾನಿಗಳೊಬ್ಬರ ಹೊಣೆಯಲ್ಲ. ಅದು ಸಮಾಜದ ಹೊಣೆ. ಎರಡೂ ದಾರಿಗಳು ತೆರೆದ ದಿನ, ಸೂಜಿಗೆ ಅಂಜಿ ಕಣ್ಣುಮುಚ್ಚುವ ಮಗುವು ಒಂದು ಗುಟುಕು ನೀರಿನೊಡನೆ ಗುಳಿಗೆಯನ್ನು ನುಂಗಿ, ಅದನ್ನು ಮರೆತು, ಆಟಕ್ಕೆ ಓಡಬಹುದು.

ಅಭ್ಯಾಸ

೧. ಇನ್ಸುಲಿನ್ನನ್ನು ಸಾಮಾನ್ಯ ಮಾತ್ರೆಯಂತೆ ನುಂಗಿದರೆ ಏಕೆ ಪ್ರಯೋಜನವಾಗುವುದಿಲ್ಲ?
೨. ಬ್ಯೂಮಾಂಟನು ಜಠರದ ಕಾರ್ಯವನ್ನು ಹೇಗೆ ಪರೀಕ್ಷಿಸಿದನು?
೩. ಆಮೆಯಾಕಾರದ ಗುಳಿಗೆಯಲ್ಲಿ ಸಕ್ಕರೆಯ ಬಿಲ್ಲೆಯ ಕೆಲಸವೇನು?
೪. ‘ದೇಹದೊಡನೆ ಕಾದಾಡದೆ, ಅದರ ನಡೆಯನ್ನು ಅರಿತು ಅದರೊಡನೆ ಹೊಂದಿಕೊಳ್ಳುವುದೇ ಈ ವಿದ್ಯೆಯ ಗುಟ್ಟು.’ ಈ ಮಾತನ್ನು ಉದಾಹರಣೆಗಳೊಡನೆ ವಿವರಿಸಿರಿ.
೫. ಮದ್ದಿಗೆ ಎರಡು ದಾರಿಗಳಿವೆ ಎಂದು ಲೇಖಕರು ಹೇಳುವುದರ ಅರ್ಥವೇನು? ಎರಡನೆಯ ದಾರಿಯ ವಿಷಯದಲ್ಲಿ ನಿಮ್ಮ ಅಭಿಪ್ರಾಯವನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.